ಎಲ್ಲ ರಿಪೋರ್ಟೂ ನಾರ್ಮಲ್, ಉಸಿರು ಮಾತ್ರ ಸಾಲುತ್ತಿಲ್ಲ

"ಎಕ್ಸ್‌ರೇ ಆಯ್ತು, ಇಸಿಜಿ ಆಯ್ತು, ಎಕೋ ಆಯ್ತು. ಎಲ್ಲ ನಾರ್ಮಲ್ ಅಂತಾರೆ. ಆದ್ರೆ ಉಸಿರು ಸಾಲಲ್ಲ ಡಾಕ್ಟ್ರೇ." ಕಮರ್ಷಿಯಲ್ ಸ್ಟ್ರೀಟಿನ ಅಡ್ಡರಸ್ತೆಯಲ್ಲಿರುವ ನನ್ನ ಕ್ಲಿನಿಕ್ಕಿನಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಓದುಗರ ಪತ್ರಗಳಲ್ಲೂ ಇದೇ ದೂರು. ಹೀಗೆ ಹೇಳುವವರಲ್ಲಿ ಕೆಲವರಿಗೆ ತೂಕ ಹೆಚ್ಚಿರುತ್ತದೆ, ಕೆಲವರಿಗೆ ರಕ್ತ ಕಡಿಮೆಯಿರುತ್ತದೆ, ಕೆಲವರನ್ನು ಆತಂಕ ಹಿಂಡುತ್ತಿರುತ್ತದೆ. ಇನ್ನು ಕೆಲವರಲ್ಲಿ ಶ್ವಾಸಕೋಶ ಚೆನ್ನಾಗಿರುತ್ತದೆ, ಹೃದಯವೂ ಚೆನ್ನಾಗಿರುತ್ತದೆ. ಗಾಳಿಯನ್ನು ಒಳಗೆ ಎಳೆಯುವ ಸ್ನಾಯು ಸೋತಿರುತ್ತದೆ. ಅಂಥವರಿಗೆ ನಾನು ಅಲ್ಟ್ರಾಸೌಂಡ್ ಬರೆದುಕೊಟ್ಟರೆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಉಸಿರಿನ ತೊಂದರೆಗೆ ಹೊಟ್ಟೆ ಸ್ಕ್ಯಾನಿಂಗ್ ಯಾಕೆ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಈ ವಾರ ಅದನ್ನೇ ಬಿಡಿಸಿ ಹೇಳುತ್ತೇನೆ.

ಎದೆಗೂಡಿಗೂ ಹೊಟ್ಟೆಗೂ ನಡುವೆ ಗುಮ್ಮಟದ ಆಕಾರದ ತೆಳುವಾದ ಸ್ನಾಯುವೊಂದಿದೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅದಕ್ಕೆ ವಪೆ ಎನ್ನುತ್ತಾರೆ, ಆಸ್ಪತ್ರೆಗಳಲ್ಲಿ ಡಯಾಫ್ರಮ್. ನಾವು ಉಸಿರೆಳೆದಾಗ ಅದು ಬಿಗಿದುಕೊಂಡು ಕೆಳಗಿಳಿಯುತ್ತದೆ, ಎದೆಯೊಳಗೆ ಜಾಗವಾಗಿ ಶ್ವಾಸಕೋಶ ಹಿಗ್ಗುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ಸುಮ್ಮನೆ ಕುಳಿತಾಗ ನಾವು ಎಳೆಯುವ ಉಸಿರಿನ ಸುಮಾರು ಮೂರರಲ್ಲಿ ಎರಡು ಪಾಲು ಕೆಲಸ ಈ ಒಂದು ಸ್ನಾಯುವಿನದು. ಹಗಲೂ ರಾತ್ರಿ, ನಿದ್ದೆಯಲ್ಲೂ ಅದು ದುಡಿಯುತ್ತದೆ. ಅದಕ್ಕೆ ಅಪ್ಪಣೆ ಬರುವುದು ಫ್ರೆನಿಕ್ ಎಂಬ ನರದಿಂದ, ಎಡಕ್ಕೊಂದು ಬಲಕ್ಕೊಂದು. ಈ ನರ ಹುಟ್ಟುವುದು ಹೊಟ್ಟೆಯ ಹತ್ತಿರವಲ್ಲ, ಕತ್ತಿನಲ್ಲಿ. ಬೆನ್ನುಹುರಿಯಿಂದ ಹೊರಡುವ ಕತ್ತಿನ 3, 4 ಮತ್ತು 5ನೇ ನರಬೇರುಗಳು ಸೇರಿ ಅದು ಆಗುತ್ತದೆ. ಅಲ್ಲಿಂದ ಎದೆಯೊಳಗೆ ಇಳಿದು, ಹೃದಯದ ಪಕ್ಕದಲ್ಲೇ ಹಾದು, ಕೊನೆಗೆ ವಪೆಯನ್ನು ಮುಟ್ಟುತ್ತದೆ. ದಾರಿ ಇಷ್ಟು ಉದ್ದವಾದ್ದರಿಂದ ಏಟು ಬೀಳುವ ಜಾಗಗಳೂ ಹೆಚ್ಚು. ಕತ್ತಿನ ಗಾಯ, ಎದೆಯೊಳಗಿನ ಗಡ್ಡೆ, ಭುಜದ ಆಪರೇಷನ್ನಿಗೆ ಕತ್ತಿನ ಬುಡದಲ್ಲಿ ಕೊಡುವ ಮರವಳಿಕೆ ಇಂಜೆಕ್ಷನ್, ಹೃದಯದ ಆಪರೇಷನ್, ಸರ್ಪಸುತ್ತು, ಒಮ್ಮೊಮ್ಮೆ ಜ್ವರ ಬಂದುಹೋದ ಮೇಲೆ ನರಕ್ಕೆ ಆಗುವ ಉರಿಯೂತ. ಕಾರಣವೇ ಸಿಗದ ಪ್ರಸಂಗಗಳೂ ಕಡಿಮೆಯಲ್ಲ.

ಇಬ್ರಾಹಿಂ ಸಾಹೇಬ್ ಸ್ಟ್ರೀಟ್ ಕಡೆಯ ಹೊಲಿಗೆ ಅಂಗಡಿಯೊಂದರ ಕಟಿಂಗ್ ಮಾಸ್ಟರ್ ನನ್ನ ಬಳಿ ಬಂದಾಗ ಅವರ ಕೈಯಲ್ಲಿ ಎರಡು ಇನ್‌ಹೇಲರ್ ಇದ್ದವು. ಹಿಂದಿನ ವರ್ಷ ಬೈಪಾಸ್ ಆಗಿತ್ತು. ಹೃದಯ ಚೆನ್ನಾಗಿದೆ ಎಂದು ಎಕೋ ಹೇಳುತ್ತಿತ್ತು. ಉಸಿರು ಕಟ್ಟುತ್ತದೆ ಎಂದಾಗ ಯಾರೋ ಆಸ್ತಮಾ ಎಂದಿದ್ದರು. "ಯಾವಾಗ ಕಟ್ಟುತ್ತೆ ಮಾಸ್ಟರ್?" ಎಂದು ಕೇಳಿದೆ. "ನಡೆದ್ರೆ ಅಷ್ಟೇನಿಲ್ಲ ಸಾಹೇಬ್ರೆ. ಟೇಬಲ್ ಮೇಲೆ ಬಟ್ಟೆ ಹಾಸಿ ಕತ್ತರಿ ಹಿಡಿದು ಬಗ್ತೀನಲ್ಲ, ಆವಾಗ. ಚಪ್ಪಲಿ ಬಕಲ್ ಹಾಕೋಕೆ ಬಗ್ಗಿದ್ರೂ ಅಷ್ಟೇ. ರಾತ್ರಿ ಅಂಗಾತ ಮಲಗೋಕೆ ಆಗಲ್ಲ." ಆಸ್ತಮಾ ಇರುವವರು ಧೂಳು, ಥಂಡಿ, ಹೊಗೆ, ಬೆಳಗಿನ ಜಾವ ಎನ್ನುತ್ತಾರೆ. ಈ ಮನುಷ್ಯ ಹೇಳುತ್ತಿದ್ದದ್ದು ಬಗ್ಗುವುದು ಮತ್ತು ಮಲಗುವುದು. ಎರಡರಲ್ಲೂ ಹೊಟ್ಟೆಯ ಅಂಗಗಳು ಮೇಲಕ್ಕೆ ಒತ್ತುತ್ತವೆ. ಗಟ್ಟಿ ವಪೆ ಆ ಒತ್ತಡವನ್ನು ಎದುರಿಸಿ ಕೆಳಗಿಳಿಯುತ್ತದೆ, ಸೋತ ವಪೆ ಶರಣಾಗುತ್ತದೆ. ಎದೆಮಟ್ಟದ ನೀರಿಗೆ ಇಳಿದಾಗ ಉಸಿರು ಕಟ್ಟುವುದೂ ಇದೇ ಕಾರಣಕ್ಕೆ. ಊರಿನ ಕೆರೆಗೋ ಹೊಳೆಗೋ ಇಳಿದಾಗ ಹಿಂದೆಂದೂ ಆಗದ ಏದುಸಿರು ಬಂತು ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ನೆನಪಾಗುವುದು ವಪೆ.

ಅವರ ಎಕ್ಸ್‌ರೇಯಲ್ಲಿ ಎಡಗಡೆಯ ಗುಮ್ಮಟ ಇರಬೇಕಾದ್ದಕ್ಕಿಂತ ಮೇಲಿತ್ತು. ಸಾಮಾನ್ಯವಾಗಿ ಬಲಗಡೆಯದು ಕೊಂಚ ಎತ್ತರ, ಅದರ ಕೆಳಗೆ ಯಕೃತ್ತು ಇದೆಯಲ್ಲ. ಎಡಗಡೆ ಅದಕ್ಕಿಂತ ಮೇಲೇರಿ ಕೂತಿದ್ದರೆ ಅನುಮಾನ ಪಡಬೇಕು. ಆದರೆ ಎಕ್ಸ್‌ರೇ ನಿಂತ ಚಿತ್ರ. ಸ್ನಾಯು ಎಲ್ಲಿದೆ ಎಂದು ಹೇಳುತ್ತದೆ, ದುಡಿಯುತ್ತಿದೆಯೇ ಎಂದು ಹೇಳುವುದಿಲ್ಲ. ಮೇಲೇರಿದ ಗುಮ್ಮಟಕ್ಕೆ ಬೇರೆ ಕಾರಣಗಳೂ ಇವೆ: ಕುಗ್ಗಿದ ಶ್ವಾಸಕೋಶ, ಕೆಳಗಿನಿಂದ ಒತ್ತುವ ಕೀವುಗಡ್ಡೆ, ಹುಟ್ಟಿನಿಂದಲೇ ಆ ಭಾಗದ ಸ್ನಾಯು ತೆಳುವಾಗಿರುವುದು. ದುಡಿಮೆಯನ್ನು ನೋಡಬೇಕೆಂದರೆ ಚಲನೆಯನ್ನು ನೋಡಬೇಕು.

ಹಿಂದೆ ಅದಕ್ಕೆ ಫ್ಲೋರೋಸ್ಕೋಪಿ ಮಾಡುತ್ತಿದ್ದರು, ಈಗಲೂ ಕೆಲವೆಡೆ ಮಾಡುತ್ತಾರೆ. ಎಕ್ಸ್‌ಕಿರಣವನ್ನು ಹಾಯಿಸುತ್ತಲೇ ಇದ್ದು, ರೋಗಿಗೆ ಮೂಗಿನಿಂದ ಚಟ್ಟನೆ ಉಸಿರೆಳೆಯಲು ಹೇಳಿ, ಎರಡೂ ಕಡೆಯ ಗುಮ್ಮಟ ಎತ್ತ ಸರಿಯುತ್ತದೆ ಎಂದು ನೋಡುವುದು. ಸರಿಯಿರುವುದು ಕೆಳಗಿಳಿಯುತ್ತದೆ. ಸತ್ವ ಕಳೆದುಕೊಂಡದ್ದು ಎದೆಯೊಳಗಿನ ಸೆಳೆತಕ್ಕೆ ಸಿಕ್ಕಿ ಮೇಲಕ್ಕೆ ಹೋಗುತ್ತದೆ. ಪರೀಕ್ಷೆ ಒಳ್ಳೆಯದೇ, ಆದರೆ ವಿಕಿರಣ ತಾಗುತ್ತದೆ, ರೋಗಿಯನ್ನು ಯಂತ್ರದ ಬಳಿಗೆ ಒಯ್ಯಬೇಕು, ಐಸಿಯುನಲ್ಲಿ ಮಲಗಿದವರಿಗೆ ಅದು ಆಗದ ಮಾತು. ಅನ್ನನಾಳ ಮತ್ತು ಜಠರದೊಳಗೆ ಸಣ್ಣ ಬಲೂನುಗಳನ್ನು ಇಳಿಸಿ ಒತ್ತಡ ಅಳೆಯುವ ವಿಧಾನವೂ ಇದೆ. ಅದು ಅತ್ಯಂತ ನಿಖರ. ಆದರೆ ಮೂಗಿನಿಂದ ಬಲೂನು ಇಳಿಸಿಕೊಳ್ಳಲು ಎಷ್ಟು ಜನ ಒಪ್ಪುತ್ತಾರೆ?

ಅಲ್ಟ್ರಾಸೌಂಡ್ ಇಲ್ಲಿಗೆ ತಡವಾಗಿ ಬಂತು. ಶಬ್ದತರಂಗ ಗಾಳಿಯನ್ನು ದಾಟಿ ಹೋಗಲಾರದು, ಶ್ವಾಸಕೋಶದ ತುಂಬ ಇರುವುದೇ ಗಾಳಿ. ಹಾಗಾಗಿ ಎದೆಗೆ ಈ ಯಂತ್ರದಿಂದ ಹೆಚ್ಚು ಪ್ರಯೋಜನವಿಲ್ಲ, ನೀರು ತುಂಬಿದ್ದರೆ ನೋಡಬಹುದು ಅಷ್ಟೆ ಎಂಬ ನಂಬಿಕೆ ಬಹಳ ಕಾಲ ಇತ್ತು. ವಪೆ ಇರುವುದು ಗಡಿಯಲ್ಲಿ. ಮೇಲಿನಿಂದ ಕಾಣದಿದ್ದರೂ ಕೆಳಗಿನಿಂದ ಕಾಣುತ್ತದೆ. ಬಲಗಡೆ ಪಕ್ಕೆಲುಬಿನ ಅಂಚಿನ ಕೆಳಗೆ ಪ್ರೋಬ್ ಇಟ್ಟು ಮೇಲ್ಮುಖವಾಗಿ ತಿರುಗಿಸಿದರೆ ತರಂಗಗಳು ಯಕೃತ್ತನ್ನು ದಾಟಿ ವಪೆಗೆ ಬಡಿಯುತ್ತವೆ. ಪರದೆಯ ಮೇಲೆ ಹೊಳೆಯುವ ಬಿಳಿ ಗೆರೆಯೊಂದು ಬಾಗಿಕೊಂಡು ಕಾಣುತ್ತದೆ, ಉಸಿರೆಳೆದಾಗ ಪ್ರೋಬಿನ ಕಡೆಗೆ ಬರುತ್ತದೆ, ಬಿಟ್ಟಾಗ ಹಿಂದೆ ಸರಿಯುತ್ತದೆ. ಎಂ-ಮೋಡ್ ಎಂಬ ಗುಂಡಿ ಒತ್ತಿದರೆ ಆ ಓಡಾಟ ಅಲೆಯಾಗಿ ಮೂಡುತ್ತದೆ, ಸೆಂಟಿಮೀಟರಿನಲ್ಲಿ ಅಳೆಯಬಹುದು. ಸಾಧಾರಣ ಉಸಿರಿನಲ್ಲಿ ಅದು ಒಂದರಿಂದ ಎರಡು ಸೆಂಟಿಮೀಟರಿನಷ್ಟು ಇಳಿಯುತ್ತದೆ. ದೀರ್ಘವಾಗಿ ಎಳೆದರೆ ಗಂಡಸರಲ್ಲಿ ಸರಾಸರಿ 7 ಸೆಂಟಿಮೀಟರ್, ಹೆಂಗಸರಲ್ಲಿ ಅದಕ್ಕಿಂತ ತುಸು ಕಡಿಮೆ. ಸಾಧಾರಣ ಉಸಿರಿನಲ್ಲಿ ಒಂದು ಸೆಂಟಿಮೀಟರಿಗೂ ಕಡಿಮೆಯಾದರೆ, ಅಥವಾ ಚಟ್ಟನೆ ಮೂಗಿನಿಂದ ಎಳೆದಾಗ ಗೆರೆ ಉಲ್ಟಾ ದಿಕ್ಕಿಗೆ ಓಡಿದರೆ, ಸ್ನಾಯುವಿನಲ್ಲಿ ದೋಷವಿದೆ ಎಂದರ್ಥ.

ಮಾಸ್ಟರ್ ವಿಷಯದಲ್ಲಿ ತೊಡಕಿದ್ದದ್ದು ಎಡಗಡೆ. ಅಲ್ಲಿ ಯಕೃತ್ತಿನಂಥ ದೊಡ್ಡ ಕಿಟಕಿ ಇಲ್ಲ, ಸಣ್ಣ ಗುಲ್ಮ ಇದೆ, ಪಕ್ಕದಲ್ಲೇ ಜಠರದ ಗಾಳಿ. ಊಟ ಮಾಡಿ ಬಂದಿದ್ದರಂತೂ ಏನೂ ಕಾಣುವುದಿಲ್ಲ. ಇಂಥ ಕಡೆ ಕೆಲಸಕ್ಕೆ ಬರುವುದು ಎರಡನೆಯ ವಿಧಾನ, ನನಗೆ ಹೆಚ್ಚು ನಂಬಿಕೆ ಇರುವುದೂ ಅದರ ಮೇಲೆಯೇ. ಕಂಕುಳಿನಿಂದ ನೇರ ಕೆಳಗೆ, ಎಂಟು ಮತ್ತು ಹತ್ತನೇ ಪಕ್ಕೆಲುಬುಗಳ ನಡುವಿನ ಜಾಗದಲ್ಲಿ ವಪೆ ಎದೆಗೋಡೆಯ ಒಳಬದಿಗೆ ಅಂಟಿಕೊಂಡೇ ಇರುತ್ತದೆ. ಅಲ್ಲಿ ಕುತ್ತಿಗೆಯ ಥೈರಾಯ್ಡ್ ನೋಡಲು ಬಳಸುವ ಚಪ್ಪಟೆ ಪ್ರೋಬ್ ಇಟ್ಟರೆ, ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ಆಳದಲ್ಲೇ ಎರಡು ಬಿಳಿ ಗೆರೆಗಳೂ ನಡುವೆ ಕಪ್ಪನೆಯ ಪಟ್ಟಿಯೂ ಕಾಣುತ್ತವೆ. ಆ ಕಪ್ಪು ಪಟ್ಟಿಯೇ ಸ್ನಾಯು. ದಪ್ಪ ಎರಡು ಮಿಲಿಮೀಟರಿನ ಆಸುಪಾಸು. ಮುಷ್ಟಿ ಬಿಗಿದು ಕೈ ಮಡಿಸಿದರೆ ತೋಳಿನ ಸ್ನಾಯು ಉಬ್ಬುತ್ತದಲ್ಲ, ಹಾಗೆ ಉಸಿರೆಳೆದಾಗ ಇದೂ ದಪ್ಪವಾಗಬೇಕು. ಉಸಿರು ಬಿಟ್ಟಾಗ 2 ಮಿಲಿಮೀಟರ್ ಇದ್ದದ್ದು ಪೂರ್ತಿ ಎಳೆದಾಗ 2.8 ಆದರೆ ಶೇಕಡಾ 40ರಷ್ಟು ಉಬ್ಬಿತು ಎಂದು ಲೆಕ್ಕ. ಶೇಕಡಾ 20ಕ್ಕಿಂತ ಕಡಿಮೆಯಾದರೆ ಪಾರ್ಶ್ವವಾಯು ಹೊಡೆದ ವಪೆ ಎಂದು ಶಂಕಿಸಬೇಕು. ಈ ಗಡಿಯನ್ನು ಹಾಕಿಕೊಟ್ಟದ್ದು ಅಮೆರಿಕದ ಗಾಟ್ಸ್‌ಮನ್ ಮತ್ತು ಮೆಕೂಲ್ 1997ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ನೋಡಿದ್ದು ಕೆಲವೇ ರೋಗಿಗಳನ್ನು, ಆದರೂ ಅಂದಿನಿಂದ ಜಗತ್ತಿನ ಬಹುಪಾಲು ವೈದ್ಯರು ಆ ಅಳತೆಯನ್ನೇ ಹಿಡಿದಿದ್ದಾರೆ.

ಮಾಸ್ಟರ್ ಎಡಗಡೆಯ ಪಟ್ಟಿ ಒಂದೂವರೆ ಮಿಲಿಮೀಟರಿಗೂ ತೆಳುವಾಗಿತ್ತು, ಎಷ್ಟು ಜೋರಾಗಿ ಎಳೆದರೂ ದಪ್ಪವಾಗಲಿಲ್ಲ. ಬಲಗಡೆ ಚೆನ್ನಾಗಿ ಉಬ್ಬುತ್ತಿತ್ತು. ಹೃದಯದ ಆಪರೇಷನ್ ಸಮಯದಲ್ಲಿ ಎಡ ಫ್ರೆನಿಕ್ ನರಕ್ಕೆ ಏಟು ಬೀಳುವುದು ವೈದ್ಯಲೋಕಕ್ಕೆ ಹೊಸದಲ್ಲ. ಹೃದಯವನ್ನು ತಣ್ಣಗಿಡಲು ಸುರಿಯುವ ಮಂಜುಗಡ್ಡೆಯ ಚಳಿಯಿಂದಲೂ, ಎದೆಗೋಡೆಯ ಒಳಗಿನ ಎಡ ರಕ್ತನಾಳವನ್ನು ಬಿಡಿಸಿಕೊಳ್ಳುವಾಗಲೂ ಅದು ಆಗಬಹುದು. ಅದನ್ನು ಯಾರ ನಿರ್ಲಕ್ಷ್ಯ ಎಂದೂ ನಾನು ಹೇಳುವುದಿಲ್ಲ. ಪ್ರಾಣ ಉಳಿಸುವ ಆಪರೇಷನ್ನಿನಲ್ಲಿ ಗೊತ್ತಿದ್ದೇ ಒಪ್ಪಿಕೊಳ್ಳುವ ಅಪಾಯ ಅದು. ಅವರಿಗೆ ಬೇಕಿಲ್ಲದ ಇನ್‌ಹೇಲರ್ ತಿಂಗಳಾನುಗಟ್ಟಲೆ ನಡೆದದ್ದು ಮಾತ್ರ ತಪ್ಪಬಹುದಾಗಿತ್ತು.

ನಾನು ಈ ಅಂಕಣ ಬರೆಯುತ್ತಿರುವುದೇ ಮುಂದಿನ ಮಾತಿಗಾಗಿ. ಮಾಸ್ಟರ್‌ಗೆ ಅದಕ್ಕೂ ಹಿಂದೆ ಎರಡು ಸಲ ಹೊಟ್ಟೆಯ ಸ್ಕ್ಯಾನಿಂಗ್ ಆಗಿತ್ತು. ಎರಡೂ ಸಲ ಯಕೃತ್ತು, ಪಿತ್ತಕೋಶ, ಮೇದೋಜೀರಕ, ಗುಲ್ಮ, ಕಿಡ್ನಿ ಎಲ್ಲ ನಾರ್ಮಲ್ ಎಂದು ಟೈಪಾಗಿ ಬಂದಿತ್ತು. ಯಕೃತ್ತನ್ನು ನೋಡಿದವರಿಗೆ ಅದರ ಮೇಲಿನ ಬಿಳಿ ಗೆರೆ ಕಾಣದೇ ಇರುವುದಿಲ್ಲ. ಬಲಗಡೆ ಅದು ಕಂಡೇ ಇರುತ್ತದೆ. ಎಡಗಡೆ ಪ್ರೋಬ್ ಅನ್ನು ನಾಲ್ಕು ಬೆರಳು ಮೇಲಕ್ಕೆ ಸರಿಸಿದ್ದರೆ ಉತ್ತರ ಸಿಗುತ್ತಿತ್ತು. ಆದರೆ ಚೀಟಿಯಲ್ಲಿದ್ದದ್ದು ಹೊಟ್ಟೆನೋವು, ಗ್ಯಾಸು. ಸ್ಕ್ಯಾನಿಂಗ್ ಮಾಡುವವರು ಚೀಟಿ ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಹೊರಗೆ ಬೆಂಚಿನ ಮೇಲೆ ಮೂವತ್ತು ಜನ ನೀರು ಕುಡಿದು ಕಾಯುತ್ತಿರುವಾಗ ಕೇಳದ್ದನ್ನೂ ನೋಡಿ ಎನ್ನುವುದು ನ್ಯಾಯವಲ್ಲ. ಹಾಗಾದರೆ ಕೇಳಬೇಕಾದವರು ಚೀಟಿ ಬರೆಯುವ ನಾವು. "ಮಲಗಿದಾಗ, ಬಗ್ಗಿದಾಗ ಉಸಿರುಗಟ್ಟುತ್ತದೆ, ಎರಡೂ ಬದಿಯ ವಪೆಯ ಚಲನೆ ಮತ್ತು ದಪ್ಪ ನೋಡಿ" ಎಂಬ ಒಂದು ಸಾಲು. ನುರಿತವರಿಗೆ ಹತ್ತು ಹದಿನೈದು ನಿಮಿಷದ ಕೆಲಸ. ಹೊಸ ಯಂತ್ರ ಬೇಡ. ಇಲ್ಲಿಂದ ನಡೆದು ಹೋಗುವಷ್ಟು ದೂರದ ಬೌರಿಂಗ್ ಆಸ್ಪತ್ರೆ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಹೌದು. ಅಂಥ ಕಡೆ ಕಲಿಯುವ ಹುಡುಗ ಹುಡುಗಿಯರು ಯಕೃತ್ತನ್ನು ಗುರುತಿಸುವುದರ ಜೊತೆಗೇ ವಪೆಯನ್ನು ಅಳೆಯುವುದನ್ನೂ ರೂಢಿ ಮಾಡಿಕೊಳ್ಳಬೇಕು ಎಂಬುದು ನನ್ನ ಆಸೆ.

ಅಳೆಯುವವರು ಬಲ್ಲವರಾಗಿರಬೇಕು, ಏಕೆಂದರೆ ಇಲ್ಲಿ ಬಲೆಗಳಿವೆ. ವಪೆ ಸೋತ ಕೆಲವರು ತಮಗೇ ತಿಳಿಯದೆ ಒಂದು ಉಪಾಯ ಕಂಡುಕೊಳ್ಳುತ್ತಾರೆ: ಉಸಿರು ಬಿಡುವಾಗ ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು ವಪೆಯನ್ನು ಮೇಲಕ್ಕೆ ತಳ್ಳುತ್ತಾರೆ, ಆಮೇಲೆ ಸಡಿಲ ಬಿಡುತ್ತಾರೆ. ಆಗ ವಪೆ ತಾನಾಗಿ ಜಾರಿ ಇಳಿಯುತ್ತದೆ. ಚಲನೆಯನ್ನು ಮಾತ್ರ ನೋಡಿದವರು ಸ್ನಾಯು ಚೆನ್ನಾಗಿದೆ ಎಂದುಬಿಡುತ್ತಾರೆ. ವೆಂಟಿಲೇಟರ್ ಮೇಲಿರುವವರಲ್ಲೂ ಹೀಗೆಯೇ, ಯಂತ್ರ ಊದಿದ ಗಾಳಿಯೇ ವಪೆಯನ್ನು ಕೆಳಗೆ ತಳ್ಳುತ್ತದೆ. ದಪ್ಪವಾಗುವುದನ್ನು ಅಳೆದರೆ ಈ ಮೋಸಗಳಿಂದ ಬಹುಮಟ್ಟಿಗೆ ಪಾರಾಗಬಹುದು, ಬಿಗಿಯದ ಸ್ನಾಯು ಉಬ್ಬುವುದಿಲ್ಲ. ಆದರೆ ಎರಡು ಮಿಲಿಮೀಟರಿನಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಅಳೆದರೂ ಲೆಕ್ಕ ಬುಡಮೇಲಾಗುತ್ತದೆ. ರೋಗಿ ಮನಸ್ಸಿಟ್ಟು ಉಸಿರೆಳೆಯದಿದ್ದರೂ ಅಷ್ಟೆ. ಹಾಗಾಗಿ ಮೂರು ನಾಲ್ಕು ಉಸಿರುಗಳನ್ನು ಅಳೆದು ಸರಾಸರಿ ಹಾಕಬೇಕು.

ಎರಡೂ ಬದಿಯ ವಪೆ ಸೋತರೆ ಪರಿಸ್ಥಿತಿ ಬೇರೆಯೇ. ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಕಣ್ಣಿಟ್ಟರೆ, ಉಸಿರೆಳೆದಾಗ ಹೊಟ್ಟೆ ಉಬ್ಬುವ ಬದಲು ಒಳಗೆ ಹೋಗುತ್ತದೆ. ಇದನ್ನು ಮನೆಯವರೂ ಗಮನಿಸಬಹುದು. ರಾತ್ರಿ ಮಲಗಲಾಗದೆ ದಿಂಬುಗಳಿಗೆ ಒರಗಿ ಕೂರುವುದು, ಬೆಳಗ್ಗೆ ಎದ್ದಾಗ ತಲೆನೋವು, ಹಗಲೆಲ್ಲ ತೂಕಡಿಕೆ ಇವು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿರುವ ಗುರುತಾಗಿರಬಹುದು. ಮಯಸ್ತೇನಿಯಾ, ಮೋಟರ್ ನ್ಯೂರಾನ್ ಕಾಯಿಲೆ, ಗಂಡುಮಕ್ಕಳನ್ನು ಕಾಡುವ ಡುಶೆನ್ ಸ್ನಾಯುಕ್ಷಯ, 2025ರ ಆರಂಭದಲ್ಲಿ ಪುಣೆಯಲ್ಲಿ ಹಬ್ಬಿ ಎಲ್ಲರ ಬಾಯಲ್ಲೂ ಕೇಳಿಬಂದ ಗಿಲನ್ ಬಾರೆ ಕಾಯಿಲೆ ಎಲ್ಲದರಲ್ಲೂ ಇದು ಆಗಬಹುದು. ನಮ್ಮ ಪುಣ್ಯಕ್ಕೆ ಇಂಥವರನ್ನು ನೋಡಿ ನುರಿತ ನಿಮ್ಹಾನ್ಸ್ ಇದೇ ಊರಿನಲ್ಲಿದೆ. ಕಟ್ಟುಹಾವು ಕಚ್ಚಿದಾಗ ರೆಪ್ಪೆ ಜೋಲುತ್ತಾ ಬಂದು ಕೊನೆಗೆ ನಿಲ್ಲುವುದೂ ಇದೇ ಉಸಿರಿನ ಸ್ನಾಯು. ಅಲ್ಲಿ ಸ್ಕ್ಯಾನಿಂಗ್‌ಗೆ ಕಾಯುವ ಹೊತ್ತಿಲ್ಲ, ಪ್ರತಿವಿಷ ಮತ್ತು ವೆಂಟಿಲೇಟರ್ ಮೊದಲು.

ಈ ಕಾಯಿಲೆಗಳ ವಿಷಯದಲ್ಲಿ ಕೈಮುಗಿದು ಕೇಳುವುದೊಂದಿದೆ. ಕೋವಿಡ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆ. ಕೈಕಾಲು ಸೋಲುತ್ತಾ ಬಂದು ಉಸಿರು ಸಾಲದಾದವರ ಬೆರಳಿಗೆ ಅದನ್ನು ಹಾಕಿ "98 ಇದೆ, ಏನೂ ಭಯವಿಲ್ಲ" ಎಂದು ಮನೆಯಲ್ಲೇ ಉಳಿಸಿಕೊಳ್ಳಬೇಡಿ. ಶ್ವಾಸಕೋಶ ಚೆನ್ನಾಗಿದ್ದು ಸ್ನಾಯು ಸೋತವರಲ್ಲಿ ಆಮ್ಲಜನಕದ ಅಂಕಿ ಬೀಳುವುದು ತೀರಾ ಕೊನೆಯಲ್ಲಿ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅದಕ್ಕಿಂತ ಒಳ್ಳೆಯದು ದುಡ್ಡಿಲ್ಲದ ಪರೀಕ್ಷೆಯೊಂದಿದೆ. ಪೂರ್ತಿ ಉಸಿರೆಳೆದುಕೊಂಡು, ನಡುವೆ ಮತ್ತೆ ಎಳೆಯದೆ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಲು ಹೇಳಿ. ಆರೋಗ್ಯವಂತರು ಐವತ್ತರ ಸುಮಾರಿಗೆ ಹೋಗುತ್ತಾರೆ. ಇಪ್ಪತ್ತು ಮುಟ್ಟಲಾಗದವರನ್ನು ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಇಪ್ಪತ್ತು ದಾಟಿದರು ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಕೂರುವಂತಿಲ್ಲ, ದೌರ್ಬಲ್ಯ ಏರುತ್ತಿದ್ದರೆ ಹೊರಡಲೇಬೇಕು.

ಐಸಿಯುಗಳಲ್ಲಿ ವಪೆಯ ಅಲ್ಟ್ರಾಸೌಂಡ್ ಈಗ ಹೆಚ್ಚು ಬಳಕೆಗೆ ಬರುತ್ತಿದೆ. ಯಂತ್ರ ಉಸಿರಾಡುತ್ತಿರುವಾಗ ಸ್ನಾಯು ಕೆಲಸವಿಲ್ಲದೆ ಬಡಕಲಾಗುತ್ತದೆ. ಎಷ್ಟು ಬೇಗ ಎಂಬುದನ್ನು 2008ರಲ್ಲಿ ಲೆವಿನ್ ಮತ್ತು ಸಂಗಡಿಗರು ತೋರಿಸಿದರು: ಮಿದುಳು ನಿಷ್ಕ್ರಿಯಗೊಂಡು 18ರಿಂದ 69 ಗಂಟೆ ವೆಂಟಿಲೇಟರ್ ಮೇಲಿದ್ದ ಅಂಗದಾನಿಗಳ ವಪೆಯ ಎಳೆಗಳು ಅರ್ಧಕ್ಕಿಂತ ಹೆಚ್ಚು ಸೊರಗಿದ್ದವು. ಮೂರು ದಿನವೂ ಪೂರ್ತಿ ಆಗಿರಲಿಲ್ಲ. ವೆಂಟಿಲೇಟರ್ ತೆಗೆದರೆ ಸಾಕು ಎಂದು ಬಾಗಿಲ ಹೊರಗೆ ಕಾಯುವ ಮನೆಯವರಿಗೆ, ತೆಗೆಯಲು ವೈದ್ಯರು ಯಾಕೆ ಹಿಂದೆ ಮುಂದೆ ನೋಡುತ್ತಾರೆ ಎಂಬುದಕ್ಕೆ ಇದೂ ಒಂದು ಉತ್ತರ.

ಪ್ರೋಬ್ ಅನ್ನು ಸ್ಟೆತಾಸ್ಕೋಪಿನ ಹಾಗೆ ಜೇಬಿನಲ್ಲಿಟ್ಟುಕೊಂಡು ಓಡಾಡಬಾರದೇ ಎಂದು ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ನಮ್ಮ ದೇಶದಲ್ಲಿ ಹಾಗೆ ಮಾಡುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾನೂನಿನ ಪ್ರಕಾರ ಯಂತ್ರ ನೋಂದಣಿಯಾಗಬೇಕು, ಎಲ್ಲಿ ಇಡುತ್ತೀರಿ ಎಂಬುದಕ್ಕೆ ಲೆಕ್ಕ ಕೊಡಬೇಕು, ಕೈಯಲ್ಲಿ ಹಿಡಿಯುವಂಥ ಯಂತ್ರವನ್ನೂ ಬೇಕಾದಲ್ಲಿಗೆ ಒಯ್ಯುವಂತಿಲ್ಲ. ನನ್ನಂಥವರಿಗೆ ಇದರಿಂದ ತೊಂದರೆಯಿದೆ, ನಿಜ. ಆದರೆ 2023ರ ಕೊನೆಯಲ್ಲಿ ಬೈಯಪ್ಪನಹಳ್ಳಿ ಪೊಲೀಸರು ಜಾಡು ಹಿಡಿದು ಹೊರಟಾಗ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದದ್ದನ್ನು ಓದಿದ ಮೇಲೆ ಈ ಕಟ್ಟುಪಾಡು ಸಡಿಲವಾಗಲಿ ಎಂದು ಕೇಳಲು ನನಗೆ ಮನಸ್ಸು ಬರುವುದಿಲ್ಲ. ನೋಂದಾಯಿತ ಜಾಗದಲ್ಲೇ, ನೋಂದಾಯಿತ ಯಂತ್ರದಲ್ಲೇ ವಪೆಯನ್ನು ನೋಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಕಂಡುಹಿಡಿದ ಮೇಲೆ ಏನು ಎಂದು ಕೇಳುತ್ತೀರಿ. ಅಲ್ಟ್ರಾಸೌಂಡ್ ಸ್ನಾಯು ದುಡಿಯುತ್ತಿಲ್ಲ ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಗೊತ್ತಿರುವ ಕಾರಣವಿಲ್ಲದಿದ್ದರೆ ಕತ್ತು ಮತ್ತು ಎದೆಯ ಸಿಟಿ ಸ್ಕ್ಯಾನ್ ಮಾಡಿ ನರದ ದಾರಿಯಲ್ಲಿ ಗಡ್ಡೆಯಿಲ್ಲ ಎಂದು ಖಚಿತ ಮಾಡಿಕೊಳ್ಳಲೇಬೇಕು. ಒಂದೇ ಬದಿ ಸೋತವರಲ್ಲಿ ಅನೇಕರಿಗೆ ಔಷಧಿಯೇ ಬೇಡ. ಬೊಜ್ಜು ಇಳಿಸಿದರೆ, ತಲೆಯ ಕಡೆ ಎತ್ತರಿಸಿ ಮಲಗಿದರೆ ದಿನ ದೂಡಬಹುದು. ನರ ಕತ್ತರಿಸಿಹೋಗದೆ ಪೆಟ್ಟು ಮಾತ್ರ ತಿಂದಿದ್ದರೆ ಚೇತರಿಸಿಕೊಳ್ಳುತ್ತದೆ, ಆದರೆ ನಿಧಾನ. ಒಂದು ವರ್ಷ, ಎರಡು ವರ್ಷವೂ ಹಿಡಿಯಬಹುದು. ಅಷ್ಟು ಕಾದರೂ ಸುಧಾರಿಸದೆ ಬಾಳು ಕಷ್ಟವಾದರೆ, ಜೋಲಿದ ವಪೆಯನ್ನು ಮಡಿಕೆ ಹಾಕಿ ಹೊಲಿದು ಬಿಗಿ ಮಾಡುವ ಆಪರೇಷನ್ ಇದೆ. ಎರಡೂ ಬದಿ ಸೋತವರಿಗೆ ರಾತ್ರಿ ಮುಖಕ್ಕೆ ಹಾಕುವ ಬೈಪ್ಯಾಪ್ ಯಂತ್ರ ಬದುಕನ್ನೇ ಮರಳಿಸುತ್ತದೆ.

ಮಾಸ್ಟರ್‌ಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಬರೆದಿದ್ದೇನೆ. ವಿಕಿರಣವಿಲ್ಲದ್ದರಿಂದ ಎಷ್ಟು ಸಲ ನೋಡಿದರೂ ಹಾನಿಯಿಲ್ಲ. ಇತ್ತೀಚಿನದರಲ್ಲಿ ಎಡಗಡೆ ಸ್ವಲ್ಪ ದಪ್ಪವಾಗಲು ಶುರುವಾಗಿದೆ. ಇನ್‌ಹೇಲರ್ ನಿಲ್ಲಿಸಿದ್ದಾರೆ, ಕಟಿಂಗ್ ಟೇಬಲಿನ ಕಾಲುಗಳಿಗೆ ಮರದ ತುಂಡು ಕೊಟ್ಟು ಎತ್ತರಿಸಿಕೊಂಡಿದ್ದಾರೆ. ಓದುಗರಲ್ಲಿ ಯಾರಿಗಾದರೂ ಇಂಥ ಲಕ್ಷಣಗಳಿದ್ದು ವೈದ್ಯರ ಬಳಿಗೆ ಹೊರಟಿದ್ದರೆ, ಮನೆಯ ಅಟ್ಟದ ಮೇಲೋ ಹಾಸಿಗೆಯ ಅಡಿಯಲ್ಲೋ ಇರುವ ಹಳೆಯ ಎಕ್ಸ್‌ರೇ ಫಿಲ್ಮ್‌ಗಳನ್ನೂ ತೆಗೆದುಕೊಂಡು ಹೋಗಿ. ಆಪರೇಷನ್ನಿಗೆ ಮುಂಚಿನದಾದರೆ ಇನ್ನೂ ಒಳ್ಳೆಯದು. ಗುಮ್ಮಟ ಹತ್ತು ವರ್ಷದ ಹಿಂದೆಯೇ ಮೇಲಿತ್ತೋ ಕಳೆದ ವರ್ಷ ಏರಿತೋ ಎಂಬುದನ್ನು ಹೊಸ ಸ್ಕ್ಯಾನಿಂಗ್ ಹೇಳಲಾರದು, ಆ ಹಳೆಯ ಫಿಲ್ಮ್ ಹೇಳುತ್ತದೆ.